ಬಿಲ್ಲಿ ಟಿಪ್ಟನ್ ಬೇಡ ಅಂದ ವೇದಿಕೆ

1958ರಲ್ಲಿ ಅಮೆರಿಕದ ಒಂದು ಸಣ್ಣ ಜಾಝ್ ತಂಡಕ್ಕೆ ಎರಡು ಅವಕಾಶಗಳು ಒಟ್ಟಿಗೆ ಬಂದವು. ನೆವಾಡಾ ರಾಜ್ಯದ ರೀನೋ ಊರಿನ ಹಾಲಿಡೇ ಹೋಟೆಲ್ಲಿನ ಕ್ಯಾಸಿನೋದಲ್ಲಿ ಕಾಯಂ ತಂಡವಾಗಿ ನುಡಿಸಿ ಎಂಬ ಕರೆ ಒಂದು. ಟಾಪ್ಸ್ ರೆಕಾರ್ಡ್ಸ್ ಕಂಪನಿಗೆ ಇನ್ನೂ ನಾಲ್ಕು ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಮಾಡಿಕೊಡಿ ಎಂಬ ಕೇಳಿಕೆ ಇನ್ನೊಂದು. ಕ್ಲಬ್ಬಿಂದ ಕ್ಲಬ್ಬಿಗೆ ಅಲೆದು ನುಡಿಸುವ ಮೂವರ ತಂಡಕ್ಕೆ ಇಂಥದ್ದು ಮತ್ತೆ ಮತ್ತೆ ಸಿಗುವುದಿಲ್ಲ. ಆದರೆ ತಂಡದ ನಾಯಕ, ಪಿಯಾನೋ ವಾದಕ ಬಿಲ್ಲಿ ಟಿಪ್ಟನ್ ಎರಡನ್ನೂ ಬೇಡ ಅಂದರು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬ ಊರಿಗೆ ಹೋಗಿ, ಕಲಾವಿದರಿಗೆ ಕಾರ್ಯಕ್ರಮ ಹೊಂದಿಸಿಕೊಡುವ ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿಕೊಂಡರು. ಸಾಯುವವರೆಗೂ ಅದೇ ಅವರ ಊರಾಯಿತು.

1989ರ ಜನವರಿಯಲ್ಲಿ ಅವರು ತೀರಿಕೊಂಡಾಗ ಜಗತ್ತಿಗೆ ಇನ್ನೊಂದು ವಿಷಯ ಗೊತ್ತಾಯಿತು. ಬಿಲ್ಲಿ ಹೆಣ್ಣುಮಗುವಾಗಿ ಹುಟ್ಟಿದ್ದವರು. ಸುಮಾರು ಐವತ್ತು ವರ್ಷ ಗಂಡಸಾಗಿ ಬದುಕಿದ್ದರು. ಗಂಡನಾಗಿದ್ದರು, ಮೂವರು ಗಂಡುಮಕ್ಕಳಿಗೆ ಅಪ್ಪನಾಗಿದ್ದರು, ಬ್ಯಾಂಡ್ ನಾಯಕನಾಗಿದ್ದರು. ಅಂದಿನಿಂದ ಅವರ ಬಗ್ಗೆ ಬರೆದವರಲ್ಲಿ ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: ಇಷ್ಟು ವರ್ಷ ಎಲ್ಲರನ್ನೂ ಹೇಗೆ ನಂಬಿಸಿದರು? ನನ್ನ ಪ್ರಶ್ನೆ ಅದಲ್ಲ. ಟ್ರಾನ್ಸ್ ವ್ಯಕ್ತಿಯೊಬ್ಬರು, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವವರು, ಬ್ಯಾಂಡಿಗೆ ಸೇರಬೇಕು, ವಾದ್ಯ ನುಡಿಸಿಯೇ ಹೊಟ್ಟೆ ಹೊರೆಯಬೇಕು ಅಂದರೆ ಆ ಕಾಲದಲ್ಲಿ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು? ಈ ಪ್ರಕರಣವನ್ನು ನಾನು ನೋಡುವುದು ಅದಕ್ಕಾಗಿ.

ಟಿಪ್ಟನ್ ಹುಟ್ಟಿದ್ದು 1914ರ ಡಿಸೆಂಬರ್ 29ರಂದು, ಓಕ್ಲಹೋಮಾ ಸಿಟಿಯಲ್ಲಿ. ತಂದೆ ವಿಮಾನ ಹಾರಿಸುತ್ತಿದ್ದವರು. ಮಗು ಚಿಕ್ಕದಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಬೆಳೆದದ್ದು ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ, ಸಂಬಂಧಿಕರ ಮನೆಯಲ್ಲಿ. ಈ ಊರಿನ ಹೆಸರು ಸುಮ್ನೆ ಹೇಳುತ್ತಿಲ್ಲ. ಇಪ್ಪತ್ತು ಮತ್ತು ಮೂವತ್ತರ ದಶಕದ ಕ್ಯಾನ್ಸಸ್ ಸಿಟಿ ಅಂದರೆ ಜಾಝ್‌ನ ತವರುಗಳಲ್ಲಿ ಒಂದು. ಇಡೀ ದೇಶದಲ್ಲಿ ಮದ್ಯ ನಿಷೇಧ ಇದ್ದಾಗಲೂ ಟಾಮ್ ಪೆಂಡರ್‌ಗಾಸ್ಟ್ ಎಂಬ ರಾಜಕೀಯ ಧಣಿಯ ಆಶ್ರಯದಲ್ಲಿ ಅಲ್ಲಿನ ಕ್ಲಬ್ಬುಗಳು ರಾತ್ರಿಯಿಡೀ ತೆರೆದಿರುತ್ತಿದ್ದವು. ಬೆನ್ನಿ ಮೋಟನ್, ಕೌಂಟ್ ಬೇಸಿ, ಲೆಸ್ಟರ್ ಯಂಗ್ ಅವರಂಥ ದೊಡ್ಡ ಜಾಝ್ ಕಲಾವಿದರು ನುಡಿಸುತ್ತಿದ್ದ ಊರು ಅದು. ಅಲ್ಲಿ ಬೆಳೆಯುವ ಹುಡುಗಿಗೆ ಜಾಝ್ ಹುಚ್ಚು ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಪಿಯಾನೋ ಕಲಿತರು, ಸ್ಯಾಕ್ಸೊಫೋನ್ ಕಲಿತರು.

ಶಾಲೆಯಲ್ಲಿ ಒಂದು ಬ್ಯಾಂಡ್ ಇತ್ತು. ಹುಡುಗರಿಗೆ ಮಾತ್ರ. ಟಿಪ್ಟನ್‌ಗೆ ಜಾಗ ಸಿಗಲಿಲ್ಲ. ಮುಂದೆ ಹೈಸ್ಕೂಲಿನ ಕೊನೆಯ ವರ್ಷಕ್ಕೆ ಓಕ್ಲಹೋಮಾಕ್ಕೆ ವಾಪಸ್ ಬಂದು ಬೇರೆ ಶಾಲೆ ಸೇರಿದಾಗ ಅಲ್ಲಿನ ಬ್ಯಾಂಡಿನಲ್ಲಿ ನುಡಿಸಲು ಆಯಿತು. ಜೀವನಚರಿತ್ರೆಗಳಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ವಿಷಯ. ಆದರೆ ಸ್ವಲ್ಪ ಯೋಚಿಸಿ. ಅದೇ ವ್ಯಕ್ತಿ, ಅದೇ ಬೆರಳು, ಅದೇ ಉಸಿರು. ಒಂದು ಶಾಲೆಯಲ್ಲಿ ಬ್ಯಾಂಡಿಗೆ ಬೇಡ, ಇನ್ನೊಂದು ಶಾಲೆಯಲ್ಲಿ ಬೇಕು. ಯಾರು ಯಾವ ವಾದ್ಯ ನುಡಿಸಬಹುದು ಎಂಬ ನಿಯಮಕ್ಕೂ ಸಂಗೀತಕ್ಕೂ ಸಂಬಂಧವೇ ಇಲ್ಲ ಅನ್ನುವುದು ಹದಿಹರೆಯದಲ್ಲೇ ಅವರ ಅನುಭವಕ್ಕೆ ಬಂದಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಜಾಝ್‌ನಲ್ಲಿ ಹೆಂಗಸರಿಗೆ ಜಾಗವೇ ಇರಲಿಲ್ಲ, ಅದಕ್ಕೇ ಟಿಪ್ಟನ್ ಗಂಡಸಿನ ಬಟ್ಟೆ ಹಾಕಿಕೊಂಡರು ಎಂದು ಬಹಳ ಕಡೆ ಬರೆದಿದ್ದಾರೆ. ಇದು ಅರ್ಧ ನಿಜ. ಅದೇ ಕ್ಯಾನ್ಸಸ್ ಸಿಟಿಯಲ್ಲಿ ಮೇರಿ ಲೂ ವಿಲಿಯಮ್ಸ್ ಇದ್ದರು. ಆಂಡಿ ಕರ್ಕ್ ಅವರ ತಂಡದ ಪಿಯಾನೋ ವಾದಕಿ. ಬರೀ ನುಡಿಸುವುದಲ್ಲ, ಇಡೀ ತಂಡಕ್ಕೆ ಸಂಗೀತ ಬರೆದುಕೊಡುತ್ತಿದ್ದರು. 1937ರಲ್ಲಿ ಮಿಸಿಸಿಪ್ಪಿಯ ಪೈನಿ ವುಡ್ಸ್ ಶಾಲೆಯಲ್ಲಿ ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್ ಎಂಬ ಹೆಣ್ಣುಮಕ್ಕಳದೇ ಬ್ಯಾಂಡ್ ಹುಟ್ಟಿತು. ಅದರಲ್ಲಿ ಟ್ರಂಪೆಟ್ಟು, ಸ್ಯಾಕ್ಸು, ಡ್ರಮ್ಮು ಎಲ್ಲ ನುಡಿಸುತ್ತಿದ್ದವರು ಹುಡುಗಿಯರೇ. ಅಂದರೆ ದಾರಿ ಕಡಿದಾಗಿತ್ತು, ಆದರೆ ಇತ್ತು. ಗಂಡಸರ ತಂಡದಲ್ಲಿ ಹೆಣ್ಣಿಗೆ ಕೊಡುತ್ತಿದ್ದ ಜಾಗ ಸಾಮಾನ್ಯವಾಗಿ ಎರಡೇ: ಒಂದು ಮೈಕಿನ ಮುಂದೆ ಹಾಡುವುದು, ಇನ್ನೊಂದು ಪಿಯಾನೋ ಮುಂದೆ ಕೂರುವುದು. ಊದುವ ವಾದ್ಯಗಳ ಸಾಲಿಗೆ ಕರೆಯುತ್ತಿರಲಿಲ್ಲ. ಟಿಪ್ಟನ್ ಪಿಯಾನೋ ಬಲ್ಲವರು. ಬರೀ ಕೆಲಸವೇ ಮುಖ್ಯ ಆಗಿದ್ದರೆ ಪಿಯಾನೋ ವಾದಕಿಯಾಗಿ ಪ್ರಯತ್ನಿಸಬಹುದಿತ್ತು.

ಅವರು ಆ ದಾರಿ ಹಿಡಿಯಲಿಲ್ಲ. 1933ರ ಹೊತ್ತಿಗೆ, ಹತ್ತೊಂಬತ್ತರ ಆಸುಪಾಸಿನಲ್ಲಿ, ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಗಂಡಸಿನ ಉಡುಪು ತೊಟ್ಟು ಬ್ಯಾಂಡುಗಳಿಗೆ ಹೋಗತೊಡಗಿದರು. ಅಪ್ಪನನ್ನು ಕರೆಯುತ್ತಿದ್ದ ಬಿಲ್ಲಿ ಎಂಬ ಹೆಸರನ್ನೇ ತಮ್ಮದಾಗಿಸಿಕೊಂಡರು. ಮೊದಮೊದಲು ವೇದಿಕೆಗಷ್ಟೇ ಈ ಉಡುಪು. 1940ರ ಹೊತ್ತಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಗಂಡಸಾಗಿಯೇ ಬದುಕುತ್ತಿದ್ದರು. ನಡುವಿನ ಈ ಏಳು ವರ್ಷ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಯಾರೂ ಒಂದೇ ರಾತ್ರಿಯಲ್ಲಿ ತೀರ್ಮಾನ ಮಾಡಿ ಬದಲಾಗುವುದಿಲ್ಲ. ವೇದಿಕೆ ಅವರಿಗೆ ಮೊದಲು ಪರೀಕ್ಷೆ ಮಾಡಿ ನೋಡುವ ಜಾಗವಾಯಿತು. ಸೂಟು ಹಾಕಿಕೊಂಡು ಜನರ ಮುಂದೆ ಕೂರುವುದಕ್ಕೆ ಬ್ಯಾಂಡು ಒಂದು ಕಾರಣ ಕೊಟ್ಟಿತು. ಆ ಕಾರಣ ಹಿಡಿದುಕೊಂಡು ಅವರು ತಮ್ಮ ಬದುಕಿಗೆ ಬಂದು ತಲುಪಿದರು. ಇವತ್ತಿನ ಎಷ್ಟೋ ಟ್ರಾನ್ಸ್ ಸಂಗೀತಗಾರರೂ ಇದನ್ನೇ ಹೇಳುತ್ತಾರೆ. ಮನೆಯಲ್ಲಿ, ಆಫೀಸಿನಲ್ಲಿ ಹಾಕಲಾಗದ ಬಟ್ಟೆಯನ್ನು ವೇದಿಕೆಯ ಮೇಲೆ ಹಾಕಬಹುದು. ಕೇಳಿದರೆ, ಅದು ಶೋಗೆ ಅಂತ ಹೇಳಿಬಿಡಬಹುದು.

ರೇಡಿಯೋ ಕಾಲ ಅದು. ಸಣ್ಣ ಊರಿನ ಸ್ಟೇಷನ್ನುಗಳು ಸ್ಥಳೀಯ ತಂಡಗಳನ್ನು ಕರೆಸಿ ನೇರವಾಗಿ ನುಡಿಸಿಸುತ್ತಿದ್ದವು. 1936ರಲ್ಲಿ ಟಿಪ್ಟನ್ ಓಕ್ಲಹೋಮಾದ ಕೆಎಫ್‌ಎಕ್ಸ್‌ಆರ್ ರೇಡಿಯೋದಲ್ಲಿ ನುಡಿಸುವ ತಂಡವೊಂದರ ನಾಯಕರಾಗಿದ್ದರು. 1938ರಲ್ಲಿ ಲುವೆನೀಸ್ ವೆಸ್ಟರ್ನ್ ಸ್ವಿಂಗ್‌ಬಿಲ್ಲೀಸ್ ಎಂಬ ತಂಡ ಸೇರಿದರು. ಅದು ಕೆಟಿಒಕೆ ರೇಡಿಯೋದಲ್ಲೂ ಒಂದು ಮದ್ಯದಂಗಡಿಯಲ್ಲೂ ನುಡಿಸುತ್ತಿತ್ತು. 1940ರಲ್ಲಿ ಸ್ಕಾಟ್ ಕ್ಯಾಮರನ್ ತಂಡದ ಜೊತೆ ಮಧ್ಯಪಶ್ಚಿಮದ ಡಾನ್ಸ್ ಹಾಲುಗಳಲ್ಲಿ ತಿರುಗಿದರು. 1941ರಿಂದ ಎರಡೂವರೆ ವರ್ಷ ಮಿಸೌರಿಯ ಜಾಪ್ಲಿನ್ ಊರಿನ ಕಾಟನ್ ಕ್ಲಬ್ಬಿನಲ್ಲಿ. ಆಮೇಲೆ ರಾಸ್ ಕಾರ್ಲೈಲ್ ತಂಡ. ಆಮೇಲೆ ಟೆಕ್ಸಾಸ್‌ನಲ್ಲಿ ಎರಡು ವರ್ಷ. 1949ಕ್ಕೆ ಜಾರ್ಜ್ ಮೇಯರ್ ತಂಡದ ಜೊತೆ ವಾಯುವ್ಯದ ರಾಜ್ಯಗಳು.

ಹದಿನಾರು ವರ್ಷದಲ್ಲಿ ಎಷ್ಟು ತಂಡ, ಎಷ್ಟು ಊರು! ನಮ್ಮ ವೃತ್ತಿ ನಾಟಕ ಕಂಪನಿಗಳು ಒಂದೂರಲ್ಲಿ ಕ್ಯಾಂಪ್ ಮುಗಿಸಿ ಇನ್ನೊಂದೂರಿಗೆ ಹೋಗುತ್ತಿದ್ದ ಹಾಗೆಯೇ ಈ ಬ್ಯಾಂಡುಗಳ ಬದುಕು. ಇದರಲ್ಲಿ ಟಿಪ್ಟನ್‌ಗೆ ಒಂದು ಅನುಕೂಲ ಇತ್ತು. ಯಾವ ಊರಲ್ಲೂ ಹಳೆಯ ಪರಿಚಯದವರಿಲ್ಲ. ಶಾಲೆಯ ಹೆಸರು ಕೇಳುವವರಿಲ್ಲ. ಚೆನ್ನಾಗಿ ನುಡಿಸುತ್ತಾನಾ, ಟೈಮಿಗೆ ಬರುತ್ತಾನಾ, ಕುಡಿದು ಗಲಾಟೆ ಮಾಡುವುದಿಲ್ಲವಾ, ಇಷ್ಟೇ ಪ್ರಶ್ನೆ. ಅನಾನುಕೂಲವೂ ಅಲ್ಲೇ ಇತ್ತು. ಒಂದೇ ಕಾರಿನಲ್ಲಿ ನಾಲ್ಕೈದು ಜನ, ಸಣ್ಣ ಹೋಟೆಲ್ ರೂಮುಗಳು, ವೇದಿಕೆಯ ಹಿಂದೆ ಬಟ್ಟೆ ಬದಲಿಸಲು ಒಂದೇ ಜಾಗ.

ಇದನ್ನು ನಿಭಾಯಿಸಲು ಅವರ ಬಳಿ ಒಂದು ಕಥೆ ಇತ್ತು. ಹಿಂದೆ ದೊಡ್ಡ ಕಾರ್ ಅಪಘಾತವಾಗಿತ್ತು, ಪಕ್ಕೆಲುಬು ಮುರಿದಿತ್ತು, ಅದಕ್ಕೇ ಎದೆಗೆ ಬಿಗಿ ಪಟ್ಟಿ ಕಟ್ಟಿಕೊಳ್ಳಬೇಕು ಅನ್ನುವುದು. ಜೊತೆಗೆ ಬಾಳಿದ ಹೆಂಗಸರಿಗೂ ಇದನ್ನೇ ಹೇಳಿದ್ದರು. ಬೇರೆ ಬೇರೆ ಕಾಲದಲ್ಲಿ ಐವರು ಹೆಂಗಸರು ಮಿಸೆಸ್ ಟಿಪ್ಟನ್ ಎಂದು ಕರೆಸಿಕೊಂಡಿದ್ದರು. ಎರಡನೇ ಮಹಾಯುದ್ಧದ ಸಮಯದಲ್ಲಿ ಗಟ್ಟಿಮುಟ್ಟಾದ ಯುವಕ ಕಂಡರೆ, ಸೇನೆಗೆ ಯಾಕೆ ಹೋಗಿಲ್ಲ ಎಂದು ಯಾರು ಬೇಕಾದರೂ ಕೇಳುತ್ತಿದ್ದರು. ಅದಕ್ಕೂ ಅಪಘಾತದ ಕಥೆ ಉತ್ತರವಾಗುವಂಥದ್ದು. ಪೂರ್ತಿ ಸತ್ಯ ಗೊತ್ತಿದ್ದವರೂ ಇದ್ದರು. ಇಬ್ಬರು ಸೋದರ ಸಂಬಂಧಿ ಹೆಂಗಸರ ಜೊತೆ ಅವರು ಕೊನೆಯವರೆಗೂ ಸಂಪರ್ಕ ಇಟ್ಟುಕೊಂಡಿದ್ದರು. ಅವರಿಬ್ಬರೂ ಈ ಗುಟ್ಟನ್ನು ದಶಕಗಟ್ಟಲೆ ಕಾಪಾಡಿದರು. ಟಿಪ್ಟನ್ ಒಬ್ಬಂಟಿಯಾಗಿ ಇಡೀ ಲೋಕವನ್ನು ವಂಚಿಸಿದರು ಎಂಬ ಚಿತ್ರಕ್ಕೆ ಇದು ಹೊಂದುವುದಿಲ್ಲ.

ಎದೆಪಟ್ಟಿಯ ಬಗ್ಗೆ ಇನ್ನೊಂದು ಮಾತು. ಟ್ರಾನ್ಸ್ ಸಂಗೀತಗಾರರ ಬಗ್ಗೆ ಮಾತಾಡುವಾಗ ಗುರುತು, ಹಕ್ಕು, ಒಪ್ಪಿಗೆ ಎಲ್ಲ ಬರುತ್ತದೆ. ಶರೀರಕ್ಕೂ ವಾದ್ಯಕ್ಕೂ ಇರುವ ಸಂಬಂಧ ಮಾತ್ರ ಬಿಟ್ಟುಹೋಗುತ್ತದೆ. ಸ್ಯಾಕ್ಸೊಫೋನ್ ನುಡಿಸಬೇಕಾದರೆ ಪಕ್ಕೆಲುಬು ಚೆನ್ನಾಗಿ ಅರಳಬೇಕು. ಉದ್ದ ಸ್ವರಕ್ಕೆ ಹೊಟ್ಟೆಯ ತನಕ ಉಸಿರು ಇಳಿಯಬೇಕು. ಎದೆಯನ್ನು ಬಿಗಿದು ಕಟ್ಟಿದರೆ ಆ ಜಾಗವೇ ಇರುವುದಿಲ್ಲ. ಇವತ್ತು ಎದೆಪಟ್ಟಿ ಹಾಕುವ ಕೊಳಲು, ಟ್ರಂಪೆಟ್, ಸ್ಯಾಕ್ಸ್ ವಾದಕರಿಗೆ ಇದು ದಿನನಿತ್ಯದ ಲೆಕ್ಕಾಚಾರ. ಅಭ್ಯಾಸದ ಹೊತ್ತಲ್ಲಿ ತೆಗೆದಿಡುವುದು, ಕಾರ್ಯಕ್ರಮಕ್ಕೆ ಸ್ವಲ್ಪ ಸಡಿಲವಾದದ್ದು ಹಾಕುವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಮೊದಲೇ ಗುರುತು ಮಾಡಿಕೊಳ್ಳುವುದು. ಈಗ ಇದಕ್ಕೆಂದೇ ಹೊಲಿದ ಒಳ ಉಡುಪು ಸಿಗುತ್ತದೆ. ಟಿಪ್ಟನ್ ಕಾಲದಲ್ಲಿ ಸುತ್ತಿ ಬಿಗಿಯುವ ಪಟ್ಟಿ ಬಿಟ್ಟರೆ ಬೇರೆ ಇರಲಿಲ್ಲ. ಅಷ್ಟು ಬಿಗಿದುಕೊಂಡು ಡಾನ್ಸ್ ಹಾಲಿನಲ್ಲಿ ತಾಸುಗಟ್ಟಲೆ ಸ್ಯಾಕ್ಸ್ ಊದಿದವರ ಶ್ರಮ ಎಂಥದ್ದು ಅಂತ ನೆನೆದರೆ ಗೌರವ ಜಾಸ್ತಿಯಾಗುತ್ತದೆ.

ದನಿಯ ವಿಷಯವೂ ಹೀಗೆಯೇ. ಅವರು ಹಾಡುತ್ತಲೂ ಇದ್ದರು. ದನಿ ಸ್ವಲ್ಪ ಮೇಲು, ಮುಖ ಎಳಸು. ಕೇಳಲು ಬಂದವರಲ್ಲಿ ಕೆಲವರು ಇದನ್ನು ಎತ್ತಿ ತಮಾಷೆ ಮಾಡಿದ್ದುಂಟು. ಅವರ ಜೊತೆ ಹತ್ತು ವರ್ಷ ಡ್ರಮ್ ನುಡಿಸಿದ ಡಿಕ್ ಓನೀಲ್, ಹಾಗೆ ಅಂದವರ ಮೇಲೆ ತಾನು ಜಗಳಕ್ಕೇ ಹೋಗುವಷ್ಟು ಸಿಟ್ಟಾಗುತ್ತಿದ್ದೆ ಎಂದು ಮುಂದೆ ನೆನೆದಿದ್ದಾರೆ. ಟಿಪ್ಟನ್ ಬಗ್ಗೆ ತನಗೆ ಯಾವತ್ತೂ ಅನುಮಾನ ಬಂದಿರಲಿಲ್ಲ ಅಂತಲೂ ಹೇಳಿದ್ದಾರೆ.

ಓನೀಲ್ ಬಂದದ್ದು ಬಿಲ್ಲಿ ಟಿಪ್ಟನ್ ಟ್ರಯೋ ಶುರುವಾದಾಗ. 1951ರಲ್ಲಿ ಮೇಯರ್ ತಂಡ ಬಿಟ್ಟ ಟಿಪ್ಟನ್, ವಾಷಿಂಗ್ಟನ್ ರಾಜ್ಯದ ಲಾಂಗ್‌ವ್ಯೂ ಊರಿನ ಎಲ್ಕ್ಸ್ ಕ್ಲಬ್ಬಿನಲ್ಲಿ ಒಬ್ಬರೇ ಪಿಯಾನೋ ನುಡಿಸುತ್ತಿದ್ದರು. ಅಲ್ಲಿಂದ ಮೂವರ ತಂಡ ಕಟ್ಟಿದರು. ಟಿಪ್ಟನ್ ಪಿಯಾನೋ, ಓನೀಲ್ ಡ್ರಮ್, ಕೆನ್ನಿ ರಿಚರ್ಡ್ಸ್ ಬಾಸ್. ರಿಚರ್ಡ್ಸ್ ಬಿಟ್ಟ ಮೇಲೆ ಬಾಸ್‌ಗೆ ರಾನ್ ಕಿಲ್ಡೆ ಬಂದರು. ಟಿಪ್ಟನ್ ಶೈಲಿಯಲ್ಲಿ ಟೆಡ್ಡಿ ವಿಲ್ಸನ್ ಪ್ರಭಾವ ಎದ್ದು ಕಾಣುತ್ತದೆ. ಬೆನ್ನಿ ಗುಡ್‌ಮನ್ ತಂಡದಲ್ಲಿ ಪಿಯಾನೋ ನುಡಿಸಿದ ವಿಲ್ಸನ್ ಅವರದು ನುಣುಪಾದ, ಚುರುಕಾದ ಬೆರಳು. ಟ್ರಯೋ ನುಡಿಸುತ್ತಿದ್ದುದು ಜನಕ್ಕೆ ಪರಿಚಯವಿದ್ದ ಸ್ವಿಂಗ್ ಹಾಡುಗಳನ್ನು, ಅಂದರೆ ಕುಣಿಸುವ ಲಯದ ಜಾಝ್ ಹಾಡುಗಳನ್ನು. ನಡುನಡುವೆ ನಗಿಸುವ ಪ್ರಹಸನ, ಆಗಿನ ತಾರೆಗಳಾದ ಪಿಯಾನೋ ವಾದಕ ಲಿಬರಾಚಿ ಮತ್ತು ರಾಕ್ ಗಾಯಕ ಎಲ್ವಿಸ್ ಅವರ ಅನುಕರಣೆ. ರಾತ್ರಿ ಊಟಕ್ಕೆ ಬಂದ ಜನರನ್ನು ಖುಷಿಪಡಿಸಿ ಕಳಿಸುವ ಕೆಲಸ.

ಒಂದು ತಂಡದ ಸದಸ್ಯನಾಗಿರುವುದಕ್ಕೂ ಅದರ ನಾಯಕನಾಗಿರುವುದಕ್ಕೂ ಇಲ್ಲಿ ವ್ಯತ್ಯಾಸ ಇದೆ. ನಾಯಕನಾದರೆ ಯಾರನ್ನು ಸೇರಿಸಿಕೊಳ್ಳಬೇಕು, ಎಲ್ಲಿ ನುಡಿಸಬೇಕು, ಎಲ್ಲಿ ಉಳಿಯಬೇಕು ಎಂಬ ತೀರ್ಮಾನ ತನ್ನದು. ಟಿಪ್ಟನ್‌ಗೆ ಇದು ಬರೀ ಅಧಿಕಾರ ಆಗಿರಲಿಲ್ಲ, ರಕ್ಷಣೆಯೂ ಆಗಿತ್ತು ಅಂತ ನನ್ನ ಅಂದಾಜು. ಮೂರು ಜನ ಅಂದರೆ ನಂಬಿಕೆ ಗಟ್ಟಿಯಾಗುತ್ತದೆ, ಪ್ರಶ್ನೆ ಕಡಿಮೆಯಾಗುತ್ತದೆ.

ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾದ ಕಿಂಗ್ಸ್ ಸಪ್ಪರ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದಾಗ ಟಾಪ್ಸ್ ರೆಕಾರ್ಡ್ಸ್ ಕಂಪನಿಯವರು ಕೇಳಿ ಕರೆದರು. ಟಾಪ್ಸ್ ಅಗ್ಗದ ಬೆಲೆಗೆ ಎಲ್‌ಪಿ ಮಾರುತ್ತಿದ್ದ ಸಣ್ಣ ಕಂಪನಿ. 1957ರಲ್ಲಿ ಟ್ರಯೋದ ಎರಡು ಎಲ್‌ಪಿಗಳು ಬಂದವು. ಆ ವರ್ಷ ಎರಡೂ ಸೇರಿ 17,678 ಪ್ರತಿ ಮಾರಾಟವಾದವು. ಸಣ್ಣ ಕಂಪನಿಗೆ ಇದು ಒಳ್ಳೆಯ ಲೆಕ್ಕ. ರೀನೋದ ಕರೆ ಮತ್ತು ಮುಂದಿನ ನಾಲ್ಕು ಎಲ್‌ಪಿಗಳ ಮಾತು ಬಂದದ್ದು ಇದರ ಬೆನ್ನಿಗೇ. ರೀನೋದಲ್ಲಿ ಇದ್ದಿದ್ದರೆ ಲಿಬರಾಚಿಯಂಥ ತಾರೆಯ ಕಾರ್ಯಕ್ರಮಕ್ಕೆ ಮೊದಲು ನುಡಿಸುವ ಅವಕಾಶವೂ ಇತ್ತು.

ಜೊತೆಗಾರರಿಗೆ ಈ ನಿರಾಕರಣೆ ಅರ್ಥವಾಗಿರಲಿಕ್ಕಿಲ್ಲ. ವರ್ಷಗಟ್ಟಲೆ ಸಣ್ಣ ಕ್ಲಬ್ಬುಗಳಲ್ಲಿ ದುಡಿದವರಿಗೆ ಎದುರಿಗೇ ಬಾಗಿಲು ತೆರೆದಿದೆ, ನಾಯಕ ಬೇಡ ಅನ್ನುತ್ತಿದ್ದಾನೆ. ಆದರೆ ಆ ಹೊತ್ತಿನ ಅಮೆರಿಕವನ್ನು ನೋಡಿ. 1952ರ ಡಿಸೆಂಬರಿನಲ್ಲಿ ಕ್ರಿಸ್ಟೀನ್ ಜೋರ್ಗೆನ್ಸನ್ ಸುದ್ದಿ ನ್ಯೂಯಾರ್ಕ್ ಪತ್ರಿಕೆಯ ಮುಖಪುಟಕ್ಕೆ ಬಂದಿತ್ತು. ಸೇನೆಯಲ್ಲಿದ್ದ ಯುವಕ ಡೆನ್ಮಾರ್ಕಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾಗಿ ಬಂದದ್ದನ್ನು ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಆಕೆಯ ಬದುಕಿನ ಒಂದು ಎಳೆಯನ್ನೂ ಬಿಡಲಿಲ್ಲ. ಇನ್ನು ಎಷ್ಟೋ ಅಮೆರಿಕನ್ ನಗರಗಳಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಿಂದಲೇ ಒಂದು ಕಾನೂನು ಇತ್ತು. ಗಂಡಸು ಹೆಂಗಸಿನ ಬಟ್ಟೆ, ಹೆಂಗಸು ಗಂಡಸಿನ ಬಟ್ಟೆ ಹಾಕಿ ಬೀದಿಗೆ ಬಂದರೆ ಪೊಲೀಸರು ಹಿಡಿಯಬಹುದಿತ್ತು. ಹೆಸರು ದೊಡ್ಡದಾದಷ್ಟೂ ಹಳೆಯ ಶಾಲೆ, ಹಳೆಯ ಊರು, ಹುಟ್ಟಿದ ದಿನ ಕೆದಕುವವರು ಜಾಸ್ತಿಯಾಗುತ್ತಾರೆ. ಪತ್ರಿಕೆಯಲ್ಲಿ ಫೋಟೋ ಬಂದರೆ ಕ್ಯಾನ್ಸಸ್ ಸಿಟಿಯ ಯಾರಾದರೂ ಗುರುತಿಸಬಹುದು. ರೀನೋಗೆ ಹೋಗುವುದು ಅಂದರೆ ಈ ಅಪಾಯವನ್ನೂ ಮನೆಗೆ ಕರೆದಂತೆ. ಅವರು ಹಿಂದೆ ಸರಿದದ್ದು ಇದೇ ಭಯದಿಂದ ಅನ್ನುವುದು ನನ್ನ ತೀರ್ಮಾನ. ಬೇರೆ ಯಾವ ಕಾರಣವೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನೋವು ಕೊಡುವುದು ಇದೇ ಜಾಗ. ಬ್ಯಾಂಡಿನಲ್ಲಿ ಜಾಗ ಸಂಪಾದಿಸಿದ್ದಾಯಿತು. ಬ್ಯಾಂಡ್ ಕಟ್ಟಿದ್ದಾಯಿತು. ಪ್ರತಿಭೆ ಇತ್ತು, ಕೇಳುವ ಜನ ಇದ್ದರು, ಕಂಪನಿ ಇತ್ತು. ಉಳಿದ ಯಾವುದೇ ಸಂಗೀತಗಾರನಿಗೆ ಏರುವ ಮೆಟ್ಟಿಲಾಗುವ ಹೆಸರು ಇವರಿಗೆ ಅಪಾಯವಾಯಿತು. ಚೆನ್ನಾಗಿ ನುಡಿಸಬೇಕು, ಆದರೆ ತುಂಬಾ ಚೆನ್ನಾಗಿ ನುಡಿಸಿ ಎಲ್ಲರ ಕಣ್ಣಿಗೆ ಬೀಳಬಾರದು. ಎಂಥ ಕಷ್ಟದ ನಡಿಗೆ ಅಲ್ವಾ?

ಸ್ಪೋಕೇನ್‌ನಲ್ಲಿ ಟ್ರಯೋ ವಾರವಾರ ಸ್ಥಳೀಯ ಕ್ಲಬ್ಬಿನಲ್ಲಿ ನುಡಿಸುತ್ತಿತ್ತು. ಹಗಲು ಡೇವ್ ಸೋಬಲ್ ಏಜೆನ್ಸಿಯಲ್ಲಿ ಕೆಲಸ. ಮದುವೆ, ಪಾರ್ಟಿ, ಕ್ಲಬ್ಬುಗಳಿಗೆ ಬೇಕಾದ ತಂಡಗಳನ್ನು ಹೊಂದಿಸುವುದು. ಅಲ್ಲಿಗೆ ಬರುತ್ತಿದ್ದ ಚಿಕ್ಕ ವಯಸ್ಸಿನ ಸಂಗೀತಗಾರರಿಗೆ ಟಿಪ್ಟನ್ ದಾರಿ ತೋರಿಸುತ್ತಿದ್ದರು. ತಾನು ಏರದ ವೇದಿಕೆಗಳಿಗೆ ಬೇರೆಯವರನ್ನು ಕಳಿಸುವ ಕೆಲಸವನ್ನು ಅವರು ಮನಸ್ಸಿಟ್ಟು ಮಾಡಿದರು. ಅರವತ್ತರ ದಶಕದಲ್ಲಿ ಹೆಂಡತಿಯ ಜೊತೆ ಮೂವರು ಗಂಡುಮಕ್ಕಳನ್ನು ಸಾಕಿಕೊಂಡರು. ಎಪ್ಪತ್ತರ ದಶಕದ ಕೊನೆಗೆ ಸಂಧಿವಾತ ಬೆರಳುಗಳನ್ನು ಹಿಡಿಯಿತು. ಪಿಯಾನೋ ನಿಂತಿತು. ಮನೆಯೂ ಒಡೆಯಿತು. ಕೊನೆಯ ವರ್ಷಗಳು ಒಂದು ಸಣ್ಣ ಟ್ರೇಲರ್ ಮನೆಯಲ್ಲಿ, ಕಡಿಮೆ ದುಡ್ಡಿನಲ್ಲಿ ಕಳೆದವು.

ಗಮನಿಸಿ, ನುಡಿಸುವುದು ನಿಂತಮೇಲೆಯೂ ಅವರು ಗಂಡಸಾಗಿಯೇ ಇದ್ದರು. ಬ್ಯಾಂಡಿನ ಕೆಲಸಕ್ಕೋಸ್ಕರ ಹಾಕಿದ ವೇಷ ಆಗಿದ್ದರೆ, ಬ್ಯಾಂಡೇ ಇಲ್ಲದ ಹತ್ತು ವರ್ಷ ಯಾಕೆ ಇಟ್ಟುಕೊಳ್ಳಬೇಕು? ಖಾಯಿಲೆ ಬಿದ್ದಾಗಲೂ ಡಾಕ್ಟರ ಬಳಿ ಹೋಗಲಿಲ್ಲ. ಹೊಟ್ಟೆಯ ಹುಣ್ಣು ಒಡೆದು ರಕ್ತಸ್ರಾವವಾಗಿ 1989ರ ಜನವರಿ 21ರಂದು, 74ರ ವಯಸ್ಸಿನಲ್ಲಿ ತೀರಿಕೊಂಡರು. ವೇಷ ಕಾಪಾಡಲು ಯಾರೂ ಪ್ರಾಣ ಕೊಡುವುದಿಲ್ಲ. ತಾನು ಯಾರೋ ಅದನ್ನು ಬಿಟ್ಟುಕೊಡಲಾಗದೆ ಕೊಡುತ್ತಾರೆ. ಮಗನ ಎದುರಲ್ಲೇ ಆಂಬುಲೆನ್ಸ್ ಸಿಬ್ಬಂದಿ ಅವರನ್ನು ಬದುಕಿಸಲು ಒದ್ದಾಡಿದರು. ಅಪ್ಪನ ಶರೀರದ ವಿಷಯ ಮಗನಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ.

ಆಮೇಲೆ ಪತ್ರಿಕೆಗಳು, ಟಿವಿ ಶೋಗಳು ಬಂದವು. ಆ ಮನೆಯವರನ್ನು ಕೂರಿಸಿಕೊಂಡು, ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲವಾ ಎಂದು ಮತ್ತೆ ಮತ್ತೆ ಕೇಳಿದರು. ಅಪ್ಪನನ್ನು ಕಳೆದುಕೊಂಡ ಮಕ್ಕಳಿಗೆ ದುಃಖಪಡಲೂ ಬಿಡಲಿಲ್ಲ. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಯಾನ್ ಮಿಡಲ್‌ಬ್ರೂಕ್ ಜೀವನಚರಿತ್ರೆ ಬರೆದರು. ತಂಡಗಳು, ಊರುಗಳು, ವರ್ಷಗಳು ಇಷ್ಟು ವಿವರವಾಗಿ ಸಿಗುವುದಕ್ಕೆ ಅವರ ಶ್ರಮ ಕಾರಣ. ಆದರೆ ಅದರ ನೋಟ ಬಹುಮಟ್ಟಿಗೆ, ಜಾಣ ಹೆಣ್ಣೊಬ್ಬಳು ಜೀವನವಿಡೀ ಆಡಿದ ಪಾತ್ರ ಎಂಬುದು. ಟ್ರಾನ್ಸ್ ಓದುಗರು ಇದನ್ನು ಒಪ್ಪಲಿಲ್ಲ. 2020ರಲ್ಲಿ ಐಸ್ಲಿಂಗ್ ಚಿನ್-ಯೀ ಮತ್ತು ಚೇಸ್ ಜಾಯಂಟ್ ಮಾಡಿದ ಸಾಕ್ಷ್ಯಚಿತ್ರದಲ್ಲಿ ಟ್ರಾನ್ಸ್ ನಟರೇ ಟಿಪ್ಟನ್ ಪಾತ್ರಕ್ಕೆ ಆಡಿಷನ್ ಕೊಡುತ್ತಾರೆ. ಟಿಪ್ಟನ್ ಮಗನೂ ಅದರಲ್ಲಿ ಮಾತಾಡುತ್ತಾರೆ. ಟಿಪ್ಟನ್ ತಮ್ಮನ್ನು ತಾವು ಟ್ರಾನ್ಸ್ ಎಂದು ಕರೆದುಕೊಂಡಿರಲಿಲ್ಲ ನಿಜ. ಆದರೆ ಐವತ್ತು ವರ್ಷದ ಬದುಕು ಸಾಕ್ಷಿ ಹೇಳುವಾಗ ಬೇರೆ ಪ್ರಮಾಣಪತ್ರ ಬೇಕಿಲ್ಲ. ಅವರನ್ನು ಗಂಡಸು ಎಂದೇ ನಾನು ಓದುತ್ತೇನೆ.

ಮುಂದಿನ ತಲೆಮಾರುಗಳ ಮೂವರು ಟ್ರಾನ್ಸ್ ಸಂಗೀತಗಾರರನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ವೆಂಡಿ ಕಾರ್ಲೋಸ್ ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಹಳೆಯ ಜರ್ಮನ್ ಸಂಗೀತಕಾರ ಬಾಖ್‌ನ ಸಂಗೀತ ನುಡಿಸಿ 1968ರಲ್ಲಿ ಎಲ್‌ಪಿ ತಂದರು. 1970ರಲ್ಲಿ ಅದಕ್ಕೆ ಮೂರು ಗ್ರ್ಯಾಮಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಅವರು ಹೆಣ್ಣಾಗಿ ಬದಲಾಗುವ ದಾರಿಯಲ್ಲಿದ್ದರು. ಹಳೆಯ ಗಂಡು ಹೆಸರಿನಲ್ಲಿ ಜನರ ಮುಂದೆ ಬರಬೇಕಾದಾಗ ಮುಖಕ್ಕೆ ಸುಳ್ಳು ಕೆನ್ನೆಗೂದಲು ಅಂಟಿಸಿಕೊಂಡರು. ಆಮೇಲೆ ವರ್ಷಗಟ್ಟಲೆ ಹೊರಗೆ ಕಾಣಿಸಿಕೊಳ್ಳಲಿಲ್ಲ. ವಿಷಯ ಬಹಿರಂಗವಾಗಿ ಹೇಳಿದ್ದು 1979ರಲ್ಲಿ. ಟಿಪ್ಟನ್‌ಗಿದ್ದ ಭಯವೇ ಇವರಿಗೂ ಇತ್ತು. ಆದರೆ ವಾದ್ಯ ಬೇರೆ. ಆ ಕಾಲದ ಮೂಗ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಹೊರಡುತ್ತಿತ್ತು. ಒಂದೊಂದೇ ಎಳೆ ನುಡಿಸಿ, ಟೇಪಿನಲ್ಲಿ ಒಂದರ ಮೇಲೊಂದು ಸೇರಿಸಬೇಕು. ಸ್ಟುಡಿಯೋದಲ್ಲಿ ಬಾಗಿಲು ಹಾಕಿಕೊಂಡು ಮಾಡುವ ಕೆಲಸ. ಬ್ಯಾಂಡೂ ಬೇಡ, ಎದುರಿಗೆ ಜನವೂ ಬೇಡ. ಹಾಗಾಗಿ ಅವರ ಸಂಗೀತ ಮುಂದುವರಿಯಿತು. ಜಾಝ್‌ಗೆ ಆ ಅನುಕೂಲ ಇಲ್ಲ. ಅದು ಹುಟ್ಟುವುದೇ ಪಕ್ಕದವನು ಏನು ನುಡಿಸಿದ ಎಂದು ಕೇಳಿ ಉತ್ತರ ಕೊಡುವುದರಲ್ಲಿ.

ಸಾರಾ ಡೇವಿಸ್ ಬ್ಯೂಕ್ನರ್ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ವಾದಕಿ. ದೊಡ್ಡ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದು, ಆರ್ಕೆಸ್ಟ್ರಾಗಳ ಜೊತೆ ನುಡಿಸುತ್ತಿದ್ದವರು. 1998ರಲ್ಲಿ ಹೆಣ್ಣಾಗಿ ಬದುಕಲು ಶುರು ಮಾಡಿದರು, ಯಾವುದನ್ನೂ ಮುಚ್ಚಿಡಲಿಲ್ಲ. ಕರೆಯುತ್ತಿದ್ದ ಆರ್ಕೆಸ್ಟ್ರಾಗಳು ಕರೆಯುವುದನ್ನು ನಿಲ್ಲಿಸಿದವು. ಪಾಠ ಹೇಳುವ ಕೆಲಸ ಸಿಗುವುದೂ ಕಷ್ಟವಾಯಿತು. ಬೆರಳು ಬದಲಾಗಿರಲಿಲ್ಲ. 2003ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ವಿಶ್ವವಿದ್ಯಾಲಯದ ಕೆಲಸ ಸಿಕ್ಕ ಮೇಲೆ ಅವರ ಸಂಗೀತ ಕಛೇರಿಗಳ ಬದುಕು ಮತ್ತೆ ಎದ್ದು ನಿಂತಿತು. ಈಗ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾರೆ. ಟಿಪ್ಟನ್ ಹೇಳಿಕೊಂಡಿದ್ದರೆ ಏನಾಗುತ್ತಿತ್ತು ಅನ್ನುವವರು ಇವರ ಬದುಕನ್ನು ನೋಡಬೇಕು. ರೀನೋದ ಕರೆ ಬಂದು ನಲವತ್ತು ವರ್ಷವಾದ ಮೇಲೂ ಬೆಲೆ ಇಷ್ಟಿತ್ತು.

ಲಾರಾ ಜೇನ್ ಗ್ರೇಸ್ ಕಥೆ ಬ್ಯಾಂಡಿನ ಒಳಗೇ ನಡೆಯಿತು. ಅಗೇನ್‌ಸ್ಟ್ ಮಿ ಎಂಬ ಪಂಕ್ ರಾಕ್ ತಂಡವನ್ನು ಫ್ಲಾರಿಡಾದಲ್ಲಿ 1997ರಲ್ಲಿ ಶುರು ಮಾಡಿದವರು ಅವರೇ. ಹಾಡು ಬರೆಯುವವರು, ಹಾಡುವವರು, ಗಿಟಾರ್ ನುಡಿಸುವವರು. 2012ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಗೆ, ತಾನು ಹೆಣ್ಣು, ಇನ್ನು ಮುಂದೆ ಹಾಗೆಯೇ ಬದುಕುತ್ತೇನೆ ಎಂದು ಹೇಳಿದರು. ತಂಡ ಹಾಗೇ ಉಳಿಯಲಿಲ್ಲ. ವರ್ಷದೊಳಗೆ ಡ್ರಮ್ಮರ್ ಹೋದರು, ಬಾಸ್ ವಾದಕರೂ ಹೋದರು. ಹೈಸ್ಕೂಲಿನಿಂದ ಗೆಳೆಯನಾಗಿದ್ದ ಗಿಟಾರಿಸ್ಟ್ ಜೇಮ್ಸ್ ಬೋಮನ್ ಮಾತ್ರ ಉಳಿದರು. ಹೊಸಬರಿಬ್ಬರನ್ನು ಸೇರಿಸಿಕೊಂಡು 2014ರಲ್ಲಿ ಇದೇ ಅನುಭವದ ಮೇಲೆ ಆಲ್ಬಂ ತಂದರು. ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 23ನೇ ಸ್ಥಾನಕ್ಕೆ ಏರಿತು. ಅಲ್ಲಿಯವರೆಗಿನ ಅವರ ಆಲ್ಬಂಗಳಲ್ಲಿ ಯಾವುದೂ ಅಷ್ಟು ಮೇಲೆ ಹೋಗಿರಲಿಲ್ಲ. ಆ ವರ್ಷ ತಂಡ ಊರೂರು ಸುತ್ತಿತು. ಬೋಮನ್ ಎಂದಿನಂತೆ ಗಿಟಾರ್ ಹಿಡಿದಿದ್ದರು, ಗ್ರೇಸ್ ತಮ್ಮ ಹೆಸರಿನಲ್ಲೇ ಹಾಡಿದರು.